ಕಲ್ಯಾಣದ ಸೀಮೆಯಲ್ಲಿ ಮಿತವ್ಯಯದ ಮದುವೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನರಿಯದ ಗೃಹಸ್ಥರಿಲ್ಲ. ಬಸವಕಲ್ಯಾಣ, ಹುಮನಾಬಾದು ಸೀಮೆಯ ಒಕ್ಕಲು ಮನೆಗಳಲ್ಲಿ ಈ ಮಾತಿನ ಭಾರವು ಇನ್ನಷ್ಟು ಹೆಚ್ಚು. ಇಲ್ಲಿಯ ತೊಗರಿಯು ಪುಷ್ಯಮಾಸದ ಸುಮಾರಿಗೆ ರಾಶಿಯಾಗುವುದು. ಲಗ್ನಗಳು ಬಹುಮಟ್ಟಿಗೆ ಬೇಸಗೆಯಲ್ಲಿ ಕೂಡಿಬರುವುವು. ಮೃಗಶಿರೆಯ ಮಳೆ ಬೀಳುತ್ತಲೆ ಬೀಜ ಗೊಬ್ಬರಗಳಿಗೆ ಹಣ ಬೇಕಾಗುವುದು. ಆದುದರಿಂದ ಹಂದರದ ಕೆಳಗೆ ಕರಗುವ ರೂಪಾಯಿಯು ಅನೇಕರ ಪಾಲಿಗೆ ಬಿತ್ತನೆಯ ರೂಪಾಯಿಯೇ ಆಗಿರುತ್ತದೆ.

ಆ ಕೊರತೆಯನ್ನು ತುಂಬುವುದು ಸಾಲ. 2,00,000 ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ತಂದರೆ ವರ್ಷಕ್ಕೆ ಬಡ್ಡಿಯೇ 72,000 ರೂಪಾಯಿ. ಒಂದು ದಿನದ ಸಂಭ್ರಮಕ್ಕಾಗಿ ಹೊಲವನ್ನು ಒತ್ತೆಯಿಡುವುದು ವಿವೇಕವೇ ಎಂದು ಯಜಮಾನರು ಮೊದಲೇ ಯೋಚಿಸತಕ್ಕದ್ದು.

ಮಿತವ್ಯಯಕ್ಕೆ ತಕ್ಕ ಕಾಲವು ನಿಶ್ಚಯಕ್ಕಿಂತ ಮುಂಚೆಯೇ. ಲಗ್ನಪತ್ರಿಕೆ ಹಂಚಿದ ಮೇಲೆ ಖರ್ಚನ್ನು ಕಡಿಮೆಮಾಡುವುದು ಬಹಳ ಕಷ್ಟ. ಉಭಯ ಬೀಗರೂ ಒಂದೆಡೆ ಕುಳಿತು, ಒಟ್ಟು ವೆಚ್ಚ ಇಷ್ಟೆಂದೂ, ಯಾರ ಭಾಗ ಎಷ್ಟೆಂದೂ ಕಾಗದದ ಮೇಲೆ ಬರೆದುಕೊಳ್ಳಲಿ. ಮನೆಯ ಹೆಣ್ಣುಮಕ್ಕಳನ್ನೂ ಆ ಮಾತಿಗೆ ಕೂರಿಸಿಕೊಳ್ಳಲಿ. ಮನೆವಾರ್ತೆಯ ಲೆಕ್ಕವನ್ನು ಅವರೇ ಚೆನ್ನಾಗಿ ಬಲ್ಲರು.

ಎರಡನೆಯದಾಗಿ, ಎಲೆಗಳ ಸಂಖ್ಯೆ. ಅಡುಗೆ, ಹಂದರ, ನೀರು, ಪಾತ್ರೆ ಎಲ್ಲವೂ ಅದರಂತೆಯೇ ಬೆಳೆಯುತ್ತವೆ. ಎಲೆಯೊಂದಕ್ಕೆ 150 ರೂಪಾಯಿಯೆಂದು ಹಿಡಿದರೂ, 1,000 ಎಲೆಗಳನ್ನು 400ಕ್ಕೆ ಇಳಿಸಿದಲ್ಲಿ 90,000 ರೂಪಾಯಿ ಉಳಿಯುವುದು. ಹತ್ತು ಬಗೆಯ ಭಕ್ಷ್ಯಗಳಿಗಿಂತ ಹದವಾದ ಗೋಧಿಹುಗ್ಗಿ, ಅನ್ನ, ಸಾರು ಅತಿಥಿಗಳಿಗೆ ಹೆಚ್ಚು ತೃಪ್ತಿಯನ್ನೀಯುವುವು.

ಮೂರನೆಯದು ಆಯೇರಿ. ಉಡದ ಸೀರೆ, ತೊಡದ ಅಂಗಿಬಟ್ಟೆಗಳು ಮನೆಯಿಂದ ಮನೆಗೆ ಸುತ್ತುವುದರಿಂದ ಯಾರಿಗೂ ಲಾಭವಿಲ್ಲ. ತೀರ ಹತ್ತಿರದವರಿಗೆ ಮಾತ್ರವೆಂದು ಎರಡೂ ಕಡೆಯವರು ಒಪ್ಪಿಕೊಂಡರೆ ಮನಸ್ತಾಪಕ್ಕೆ ಎಡೆಯಿರದು. ಬಟ್ಟೆಬಂಗಾರಗಳಿಗಾಗಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಲೇಬೇಕಾದರೆ ಪಟ್ಟಿ ಹಿಡಿದು ಇಬ್ಬರು ಹೋದರೆ ಸಾಕು.

ಹುಂಡೆಯ ವಿಷಯದಲ್ಲಿ ಮಾತ್ರ ಉಳಿತಾಯವೆಂಬ ಮಾತೇ ಸಲ್ಲದು. ಅದು ಸಂಪೂರ್ಣವಾಗಿ ತೊಲಗಬೇಕು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೇ.

"ಜನರು ಏನೆಂದಾರು?" ಎಂಬ ಅಂಜಿಕೆ ಉಳಿದಿದೆ. ಮಹಾಕವಿ ಕುವೆಂಪು ಅವರು 1966ರಲ್ಲಿ ತಮ್ಮ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ವಿಧಿಯಿಂದ ನೆರವೇರಿಸಿದರು. ಅವರ ಗೌರವಕ್ಕೆ ಯಾವ ಕುಂದೂ ಬರಲಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಅಷ್ಟು ದೂರವೇಕೆ? ಹನ್ನೆರಡನೆಯ ಶತಮಾನದ ಇದೇ ಕಲ್ಯಾಣದಲ್ಲಿ ಹರಳಯ್ಯನವರ ಪುತ್ರನಿಗೂ ಮಧುವರಸರ ಪುತ್ರಿಗೂ ಲಗ್ನವಾಯಿತೆಂದು ಶರಣಪರಂಪರೆಯು ಹೇಳುತ್ತದೆ. ಆ ಮದುವೆಯಲ್ಲಿ ಎಷ್ಟು ಎಲೆ ಬಿದ್ದುವೆಂದು ಇಂದು ಯಾರೂ ಕೇಳುವುದಿಲ್ಲ. ಎರಡು ಮನೆಗಳು ತೋರಿದ ಧೈರ್ಯವನ್ನು ಮಾತ್ರ ಎಂಟುನೂರು ವರ್ಷಗಳ ತರುವಾಯವೂ ನೆನೆಯುತ್ತಾರೆ.

ಕಲ್ಯಾಣವೆಂಬುದು ಊರಿನ ಹೆಸರೂ ಹೌದು, ಮದುವೆಯ ಹೆಸರೂ ಹೌದು. ಈ ಸೀಮೆಯ ನವದಂಪತಿಗಳು ಸಾಲವಿಲ್ಲದ ಮನೆಯನ್ನು ಪ್ರವೇಶಿಸಲೆಂದೂ, ಮುಂಗಾರಿನಲ್ಲಿ ಅವರ ಕೈಯಲ್ಲಿ ಬೀಜವಿರಲೆಂದೂ ನಾವು ಹಾರೈಸುತ್ತೇವೆ.