ನಾಸ್ತಿಕನೂ ಮರಣವೂ

ಸ್ವರ್ಗವನ್ನೂ ಪುನರ್ಜನ್ಮವನ್ನೂ ಒಪ್ಪದವನಿಗೆ ಸಾವಿನ ಮುಂದೆ ಆಸರೆ ಯಾವುದು? ಆಸ್ತಿಕರು ಬಹುಕಾಲದಿಂದ ಕೇಳುತ್ತ ಬಂದಿರುವ ಈ ಪ್ರಶ್ನೆಯಲ್ಲಿ ಕೊಂಚ ಕುಚೋದ್ಯವಿದ್ದರೂ ಅದು ತಳ್ಳಿಹಾಕತಕ್ಕದ್ದಲ್ಲ. ಉತ್ತರಕ್ಕಾಗಿ ಪರದೇಶದ ಗ್ರಂಥಗಳನ್ನೇ ತಿರುವಿಹಾಕಬೇಕಾಗಿಲ್ಲ. ಗಂಡಸಿಯಲ್ಲಿ ಓದುವ ನಮಗೆ ಅರಸೀಕೆರೆ, ಬೇಲೂರು ಸೀಮೆಗಳ ವೀರಗಲ್ಲುಗಳು ಹತ್ತಿರದಲ್ಲಿಯೇ ಇವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ಅನೇಕ ಕಲ್ಲುಗಳಲ್ಲಿ ತುರುಗಳೂ ಉಂಟು. ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಮಡಿದವನ ಕಥೆ ಅದು. ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುತ್ತಾರೆ. ಮೇಲೆ ಕೈಲಾಸ, ಲಿಂಗದ ಸನ್ನಿಧಿಯಲ್ಲಿ ಅವನು ಕೈಮುಗಿದು ಕುಳಿತಿದ್ದಾನೆ. ಮೇಲಿನ ಎರಡು ಪಟ್ಟಿಕೆಗಳನ್ನು ನಂಬದವನ ಪಾಲಿಗೂ ಕೆಳಗಿನದು ಅಳಿಸಿಹೋಗುವುದಿಲ್ಲವಷ್ಟೆ! ಅವನು ಯಾರಿಗಾಗಿ ನಿಂತನೆಂಬುದು ಅಲ್ಲಿಯೇ ಇದೆ. ಇಂಥವರ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇದ್ದಿತು; ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ವೀರನಿಗೆ ಸ್ವರ್ಗ ದೊರೆಯಿತೆಂದು ನಂಬಿದ್ದ ಜನರೇ ಅವನ ಮಕ್ಕಳ ಅನ್ನಕ್ಕೆ ಹೊಲವನ್ನೂ ಕೊಟ್ಟರು. ನನಗೆ ಆ ಕಲ್ಲಿನ ಅಪ್ಸರೆಯರಿಗಿಂತ ಈ ಹೊಲವೇ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಕಲ್ಲಿನಲ್ಲಿ ಕೊರೆದ ಸಾವೆಲ್ಲವೂ ಮೆಚ್ಚತಕ್ಕದ್ದೆಂದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ. ಸುಮಾರು 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ, ಅರಸನೊಡನೆಯೇ ಸಾಯುವೆನೆಂದು ಭಾಷೆ ಕೊಟ್ಟಿದ್ದ 'ಗರುಡ'ನಾದ ಕುವರಲಕ್ಷ್ಮನು ಹೆಂಡತಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣಬಿಟ್ಟುದರ ಸ್ಮಾರಕ ಅದು. ತಮ್ಮ ಶಿರಗಳನ್ನು ತಾವೇ ಅರಿದುಕೊಳ್ಳುತ್ತಿರುವ ವೀರರನ್ನು ಅದರಲ್ಲಿ ಕಡೆದಿದ್ದಾರೆ. ಆ ನಿಷ್ಠೆ ಮೈ ನಡುಗಿಸುತ್ತದೆ, ನಿಜ. ಆದರೆ ಅದರಿಂದ ಬದುಕಿದವರು ಯಾರು?

ಕಾಳಗದಲ್ಲಿ ಸಾಯುವವರು ಎಷ್ಟು ಮಂದಿ? ಹಾಸಿಗೆಯ ಮೇಲೆ ಸಾಯುವವರೇ ಹೆಚ್ಚು. ಮುಪ್ಪು ಬಂದಾಗ ನಾಸ್ತಿಕನೂ ದೇವರ ಕಡೆಗೆ ತಿರುಗುತ್ತಾನೆಂಬ ಮಾತೊಂದುಂಟು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು, ದೇವರಿದ್ದಾನೆಂಬ ವಾದಗಳನ್ನು ಸಾವಧಾನವಾಗಿ ಪರೀಕ್ಷಿಸಿ ನಿರಾಕರಿಸಿದ 'ದೇವರು' ಎಂಬ ಗ್ರಂಥವನ್ನು ಪ್ರಕಟಿಸಿದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. ಅವರು 2003ರವರೆಗೆ ಬದುಕಿದ್ದರು.

ಸಾವು ಬಂದಾಗ ನಾನಿರುವುದಿಲ್ಲ, ನಾನಿರುವಾಗ ಸಾವಿರುವುದಿಲ್ಲ, ಆದ್ದರಿಂದ ಭಯವೇಕೆ ಎಂಬುದು ಗ್ರೀಸಿನ ಎಪಿಕ್ಯೂರಸನ ವಾದ. ಸಾಯುವವನಿಗೆ ಇದು ಸಮಾಧಾನವನ್ನು ಕೊಡಬಹುದು. ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ? ಮತ್ತೆ ಎಲ್ಲಿಯೋ ಕಾಣುವೆನೆಂಬ ಆಸೆ ಆಸ್ತಿಕಳಾದ ತಾಯಿಗುಂಟು, ನಾಸ್ತಿಕಳಿಗೆ ಇಲ್ಲ. ಈ ನಷ್ಟವನ್ನು ಯಾವ ತರ್ಕವೂ ತುಂಬಿಕೊಡಲಾರದು. ಹಾಲುತುಪ್ಪದ ದಿನ, ತಿಥಿಯ ದಿನ ನೆಂಟರಿಷ್ಟರು ಬಂದು ಕೂಡುತ್ತಾರೆ, ಅಳುವವರ ಪಕ್ಕದಲ್ಲಿ ಕೂರುತ್ತಾರೆ, ಉಣ್ಣದವರಿಗೆ ಉಣ್ಣಿಸುತ್ತಾರೆ. ಮಂತ್ರ ಬೇಡವೆನ್ನುವವನಿಗೂ ಆ ಜನ ಬೇಕು. ಅವರನ್ನು ಹಳಿಯುವುದು ವಿಚಾರವಾದವಲ್ಲ, ಬರಿಯ ಒರಟುತನ.

ಸತ್ತವನು ಕೊಡಬಹುದಾದುದೂ ಒಂದಿದೆ. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅಗಲಿದ ಅವರ ಮಗ ಪುನೀತರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯವನ್ನು ಎರಡು ಪದರಗಳಾಗಿ ಬಿಡಿಸಿ, ಹೊರಪದರ ಕೆಟ್ಟವರಿಗೆ ಹೊರಪದರವನ್ನೂ ಒಳಪದರ ಕೆಟ್ಟವರಿಗೆ ಒಳಪದರವನ್ನೂ ಜೋಡಿಸಿದರು. ಆ ಮನೆತನದವರು ದೈವಭಕ್ತರು. ಈ ದಾನ ನಾಸ್ತಿಕರ ಸೊತ್ತೇನೂ ಅಲ್ಲ. ಕನ್ನಡಕ ಹಾಕುತ್ತಿದ್ದವರ, ವಯಸ್ಸಾದವರ ಕಣ್ಣುಗಳೂ ಸಲ್ಲುತ್ತವೆ. ಪ್ರಾಣ ಹೋದ ಸುಮಾರು ಆರು ಗಂಟೆಗಳೊಳಗೆ ತೆಗೆಯಬೇಕಾದುದರಿಂದ ಮನೆಯವರಿಗೆ ಮೊದಲೇ ಹೇಳಿಟ್ಟಿರುವುದು ಅಗತ್ಯ. ಆ ಹೊತ್ತಿನಲ್ಲಿ ಕಣ್ಣೊರಸಿಕೊಂಡು ಆಸ್ಪತ್ರೆಗೆ ದೂರವಾಣಿ ಮಾಡಬೇಕಾದವರು ಅವರೇ.