ಅಪ್ಪನ ಪಟದ ಮುಂದಿನ ದೀಪ

ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಹಳ್ಳಿಯ ಧರ್ಮಕೇಂದ್ರವೊಂದರಲ್ಲಿ ಹಿರಿಯರೊಬ್ಬರು ದೈವಾಧೀನರಾದರು. ಮೂವತ್ತನೆಯ ದಿನದ ಪೂಜೆಯನ್ನು ಮುಗಿಸಿಕೊಂಡು ಬಂಧುಬಳಗವೆಲ್ಲ ಮನೆಗೆ ಹಿಂದಿರುಗಿದಾಗ, ನಡುಮನೆಯಲ್ಲಿ ಮೃತರ ಭಾವಚಿತ್ರಕ್ಕೆ ಹೂವಿನ ಹಾರ ಹಾಕಿತ್ತು. ಮುಂದೆ ಎಣ್ಣೆಯ ದೀಪ ಉರಿಯುತ್ತಿತ್ತು. ಬಾಳೆಯೆಲೆಯ ಮೇಲೆ ಅವರು ಇಷ್ಟಪಟ್ಟು ಉಣ್ಣುತ್ತಿದ್ದ ಮುದ್ದೆ, ಸಾರು, ಒಂದು ತುಂಡು ಬೆಲ್ಲ ಬಡಿಸಿತ್ತು. ಇದನ್ನೆಲ್ಲ ಅಣಿಗೊಳಿಸಿದವರು ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದ ಹಿರಿಯ ಮಗ. ಪಟ್ಟಣದಲ್ಲಿ ನೆಲೆಸಿದ್ದ ಅವರ ತಂಗಿ ಇದನ್ನು ಕಂಡವರೇ ದೀಪವನ್ನು ಆರಿಸಿ, ಎಲೆಯನ್ನು ಎತ್ತಿ ಹಿತ್ತಲಿಗೆ ಹಾಕಿದರು. "ಅಪ್ಪ ಕ್ರೈಸ್ತರಾಗಿ ಕಣ್ಣುಮುಚ್ಚಿದರು, ಅವರಿಗೆ ಎಡೆ ಇಡುತ್ತೀಯಲ್ಲ ಅಣ್ಣ" ಎಂದರು ತಂಗಿ. "ಅಪ್ಪನ ಎಲೆಯನ್ನು ಎಸೆದವಳು ನನಗೆ ತಂಗಿಯೇ ಅಲ್ಲ" ಎಂದರು ಅಣ್ಣ. ಅಂದಿಗೆ ಅವರಿಬ್ಬರ ನಡುವೆ ಮಾತು ನಿಂತಿತು.

ಮರುದಿನ ತಂಗಿ ಗುರುಮನೆಗೆ ಬಂದು ಕಣ್ಣೀರಿಡುತ್ತಾ ಎಲ್ಲವನ್ನೂ ಹೇಳಿದರು. ನಾವು ಅವರ ಮಾತನ್ನು ಕೇಳಿದೆವು, ಅಣ್ಣನನ್ನು ಕರೆಸಲಿಲ್ಲ. ಮುಂದಿನ ಭಾನುವಾರದ ಪ್ರಬೋಧನೆಯಲ್ಲಿ, ಹೆಸರೆತ್ತದೆ, ಆದರೆ ಊರಿಗೆಲ್ಲ ತಿಳಿಯುವ ಹಾಗೆ, ಸತ್ತವರಿಗೆ ಎಡೆಯಿಡುವ ಆಚಾರವನ್ನು ಖಂಡಿಸಿದೆವು. ನಮ್ಮ ಕರ್ತವ್ಯವನ್ನು ಮಾಡಿದೆವೆಂದೇ ಭಾವಿಸಿದ್ದೆವು. ಹಿರಿಯ ಮಗ ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದರು.

ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ನಮಗೆ ತೋರಿಸಿಕೊಟ್ಟದ್ದು ಗುರುಮಠದಲ್ಲಿ ಓದಿ ಮರೆತಿದ್ದ ಧರ್ಮಸಭೆಯ ಚರಿತ್ರೆಯ ಒಂದು ಅಧ್ಯಾಯ. 'ಚೀನೀ ಆಚಾರಗಳ ವಿವಾದ' ಎಂದು ಹೆಸರಾದ ಆ ಪ್ರಕರಣದಲ್ಲಿಯೂ ಇದ್ದದ್ದು ಇದೇ: ಸತ್ತ ಹಿರಿಯರು, ಅವರ ಮುಂದೆ ಉರಿಯುವ ದೀಪಧೂಪ, ಬಡಿಸಿಟ್ಟ ಅನ್ನ.

ಒಂದು ಟೋಪಿಯ ಪಾಠ

ಯೇಸುಸಭೆಯ ಗುರು ಮತ್ತೆಯೋ ರಿಚ್ಚಿ ಇಟಲಿಯಿಂದ ಹೊರಟು, ಗೋವೆಯಲ್ಲಿಯೂ ಕೊಚ್ಚಿಯಲ್ಲಿಯೂ ಕೆಲಕಾಲ ಇದ್ದು, 1582ರಲ್ಲಿ ಮಕಾವ್ ತಲುಪಿದರು. ಮರುವರ್ಷ ಚೀನಾದ ಒಳನಾಡಿಗೆ ಕಾಲಿಟ್ಟಾಗ ಅವರು ಬೌದ್ಧ ಭಿಕ್ಷುವಿನ ಉಡುಪನ್ನು ಧರಿಸಿದರು. ಧಾರ್ಮಿಕ ವ್ಯಕ್ತಿಗೆ ಅದೇ ತಕ್ಕ ಉಡುಪೆಂಬುದು ಅವರ ಎಣಿಕೆ. ಆ ನಾಡಿನಲ್ಲಿ ಗೌರವವಿದ್ದದ್ದು ಭಿಕ್ಷುವಿಗಿಂತ ಹೆಚ್ಚಾಗಿ ವಿದ್ವಾಂಸನಿಗೆ ಎಂಬುದು ಅರ್ಥವಾಗಲು ಹನ್ನೆರಡು ವರ್ಷಗಳು ಹಿಡಿದವು. 1595ರಲ್ಲಿ ಅವರು ಉಡುಪನ್ನು ಬದಲಾಯಿಸಿ ವಿದ್ವಾಂಸರ ನಿಲುವಂಗಿಯನ್ನು ತೊಟ್ಟರು. ಅದೇ ವರ್ಷ ಚೀನೀ ಭಾಷೆಯಲ್ಲಿ ಅವರು ಬರೆದ ಗ್ರಂಥದ ವಿಷಯ ಗೆಳೆತನ. 1601ರಿಂದ 1610ರಲ್ಲಿ ಮರಣ ಹೊಂದುವವರೆಗೆ ಅವರು ಪೀಕಿಂಗ್ ನಗರದಲ್ಲಿಯೇ ಇದ್ದರು.

ಚೀನೀ ವಿದ್ವಾಂಸರು ತಮ್ಮ ಗುರು ಕನ್ಫ್ಯೂಷಿಯಸನಿಗೆ ನಮಿಸುವುದನ್ನು, ಮನೆಯಲ್ಲಿ ಗತಿಸಿದ ಹಿರಿಯರ ಹೆಸರು ಬರೆದ ಹಲಗೆಯ ಮುಂದೆ ಧೂಪ ಹಾಕಿ ಅನ್ನ ಇಡುವುದನ್ನು ರಿಚ್ಚಿ ಕಂಡರು. ಸತ್ತವರು ಬಂದು ಉಣ್ಣುವರೆಂದು ಈ ಜನ ನಂಬುತ್ತಾರೆಯೇ ಎಂದು ವಿಚಾರಿಸಿದರು. ಹಿರಿಯರ ಮೇಲಿನ ಪ್ರೀತಿಯನ್ನು ತೋರಲು ಅವರಿಗೆ ಬೇರೆ ಬಗೆ ತಿಳಿಯದು, ಇದು ಬದುಕಿರುವ ಮಕ್ಕಳಿಗೆ ತಂದೆತಾಯಿಯನ್ನು ಗೌರವಿಸಲು ಕಲಿಸುವ ಪಾಠ ಎಂಬ ತೀರ್ಮಾನಕ್ಕೆ ಬಂದರು. ಆದುದರಿಂದ ಹೊಸದಾಗಿ ಕ್ರೈಸ್ತರಾದವರು ಇವನ್ನು ಮುಂದುವರಿಸಲು ಅವರು ಅಡ್ಡಿಪಡಿಸಲಿಲ್ಲ.

ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಸಂತ ಅಗಸ್ತೀನರಿಂದ ಕಲಿತ ಭೇದವೊಂದು ಇಲ್ಲಿ ನೆನಪಿಗೆ ಬರುತ್ತದೆ. ಹೊಗೆ ಬೆಂಕಿಯ ಗುರುತು. ಅದು ಎಲ್ಲ ನಾಡಿನಲ್ಲಿಯೂ ಒಂದೇ. ಆದರೆ ಮಾತು, ನಮಸ್ಕಾರ, ಸನ್ನೆ ಇವು ಜನ ತಮ್ಮೊಳಗೆ ಒಪ್ಪಿಕೊಂಡ ಗುರುತುಗಳು. ಇವುಗಳ ಅರ್ಥ ಒಪ್ಪಿಕೊಂಡವರನ್ನು ಕೇಳಿದರಷ್ಟೇ ತಿಳಿಯುತ್ತದೆ. ಯುರೋಪಿನಲ್ಲಿ ದೊಡ್ಡವರ ಮುಂದೆ ತಲೆಯ ಟೋಪಿ ತೆಗೆಯುವುದು ಗೌರವ. ಚೀನಾದಲ್ಲಿ ತಲೆ ಮುಚ್ಚಿಕೊಳ್ಳುವುದೇ ಗೌರವ. ಇದನ್ನು ಅರಿತ ಜಗದ್ಗುರು ಐದನೆಯ ಪೌಲರು, ಚೀನಾದ ಗುರುಗಳು ತಲೆಗೆ ಟೋಪಿ ಧರಿಸಿಯೇ ಬಲಿಪೂಜೆ ಅರ್ಪಿಸಬಹುದೆಂದು 1615ರಲ್ಲಿ ಅಪ್ಪಣೆ ಕೊಟ್ಟರು. ನಮ್ಮಲ್ಲಿ ಗೌರವವನ್ನು ತೋರಲು ಪಾದರಕ್ಷೆಯನ್ನು ಬಿಡುತ್ತೇವೆ. ಮೂರು ನಾಡು, ಮೂರು ಗುರುತು. ಒಳಗಿನ ಭಾವ ಒಂದೇ.

ಎರಡು ಪ್ರಶ್ನೆ, ಎರಡು ಉತ್ತರ

1630ರ ದಶಕದಲ್ಲಿ ದೊಮಿನಿಕ್ ಸಭೆಯ ಹಾಗೂ ಫ್ರಾನ್ಸಿಸ್ ಸಭೆಯ ಗುರುಗಳು ಚೀನಾದ ಫುಜಿಯಾನ್ ಪ್ರಾಂತಕ್ಕೆ ಬಂದರು. ಅವರು ಹಳ್ಳಿಗಳಲ್ಲಿ, ಸಾಮಾನ್ಯ ಜನರ ನಡುವೆ ಓಡಾಡಿದವರು. ಅಲ್ಲಿ ಅವರು ಕಂಡದ್ದೇ ಬೇರೆ. ಹಿರಿಯರ ಹಲಗೆಯ ಮುಂದೆ ಮೊಣಕಾಲೂರಿದ ಬಡವರು ಮಳೆ ಬೆಳೆ, ಆರೋಗ್ಯ, ಸಂತಾನಗಳನ್ನು ಬೇಡಿಕೊಳ್ಳುತ್ತಿದ್ದರು. ಇದು ದೇವರೊಬ್ಬರಿಗೇ ಸಲ್ಲತಕ್ಕ ಆರಾಧನೆಯೆಂದು ಆ ಗುರುಗಳ ಮನಸ್ಸು ಕಳವಳಗೊಂಡಿತು.

ಪ್ರಿಯ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಎರಡು ಪಕ್ಷಗಳಲ್ಲಿ ಸುಳ್ಳಾಡಿದವರು ಯಾರು? ಯಾರೂ ಅಲ್ಲ. ಒಬ್ಬರು ವಿದ್ವಾಂಸನ ಚಾವಡಿಯಲ್ಲಿ ಕಂಡದ್ದನ್ನು ಹೇಳಿದರು. ಇನ್ನೊಬ್ಬರು ರೈತನ ಗುಡಿಸಲಿನಲ್ಲಿ ಕಂಡದ್ದನ್ನು ಹೇಳಿದರು. ಧೂಪ ಅದೇ, ಹಲಗೆ ಅದೇ, ಬಾಗಿದ ತಲೆಯೂ ಅದೇ. ಬಾಗಿದವನ ಮನಸ್ಸು ಬೇರೆ. ತಾನು ಕಂಡದ್ದೇ ಇಡೀ ಚೀನಾ ಎಂದು ಇಬ್ಬರೂ ನಂಬಿದ್ದರಿಂದ ಜಗಳ ಹುಟ್ಟಿತು.

ದೊಮಿನಿಕ್ ಸಭೆಯ ಗುರು ಮೊರಾಲೆಸ್ ತಮ್ಮ ಪ್ರಶ್ನೆಗಳನ್ನು ರೋಮಿಗೆ ಒಯ್ದರು. ಅವರು ವರ್ಣಿಸಿದ ಆಚಾರಗಳನ್ನು ರೋಮ್ 1645ರಲ್ಲಿ ನಿಷೇಧಿಸಿತು. ಯೇಸುಸಭೆಯವರು ತಮ್ಮ ಪರವಾಗಿ ಗುರು ಮಾರ್ತಿನಿಯವರನ್ನು ಕಳುಹಿಸಿದರು. ಅವರು ವರ್ಣಿಸಿದ ಆಚಾರಗಳನ್ನು ರೋಮ್ 1656ರಲ್ಲಿ ಅನುಮತಿಸಿತು. ಇವೆರಡರಲ್ಲಿ ಯಾವುದನ್ನು ಪಾಲಿಸಬೇಕೆಂದು ಮತ್ತೆ ಕೇಳಿದಾಗ, ಎರಡೂ ಆಜ್ಞೆಗಳು ಆಯಾ ಸನ್ನಿವೇಶಕ್ಕೆ ತಕ್ಕಂತೆ ಜಾರಿಯಲ್ಲಿವೆ ಎಂದು 1669ರಲ್ಲಿ ಉತ್ತರ ಬಂತು. ಇದನ್ನು ಓದಿ ವಿದ್ಯಾರ್ಥಿ ದೆಸೆಯಲ್ಲಿ ನಾವು ನಕ್ಕಿದ್ದೆವು. ಇಂದು ನಗು ಬರುವುದಿಲ್ಲ. ಕೇಳುವವನ ಪ್ರಶ್ನೆಯಲ್ಲಿಯೇ ಅರ್ಧ ಉತ್ತರ ಅಡಗಿರುತ್ತದೆ. ದೂರದಲ್ಲಿ ಕುಳಿತ ನ್ಯಾಯಾಧೀಶನಿಗೆ ಮುಂದಿಟ್ಟ ಚಿತ್ರ ಮಾತ್ರ ಕಾಣಿಸುತ್ತದೆ. ನಮ್ಮ ಗುರುಮನೆಗೂ ಬಂದದ್ದು ಒಬ್ಬರ ಪ್ರಶ್ನೆ ಮಾತ್ರ.

ಮುರಿದುಬಿದ್ದ ಮಾತುಕತೆ

ಮುಂದಿನ ಕಥೆ ದುಃಖದ್ದು. 1692ರಲ್ಲಿ ಚಕ್ರವರ್ತಿ ಕಾಂಗ್‌ಶಿ ಕ್ರೈಸ್ತ ಧರ್ಮಾಚರಣೆಗೆ ಅನುಮತಿ ನೀಡಿದ್ದರು. ಮರುವರ್ಷವೇ ಫುಜಿಯಾನಿನ ಧರ್ಮಾಧಿಕಾರಿ ಮೇಗ್ರೋ ತಮ್ಮ ಸೀಮೆಯಲ್ಲಿ ಈ ಆಚಾರಗಳನ್ನು ನಿಷೇಧಿಸಿದರು. ಇವು ನಾಗರಿಕ ಗೌರವದ ಕ್ರಮಗಳೇ ಹೊರತು ಆರಾಧನೆಯಲ್ಲ ಎಂಬ ಯೇಸುಸಭೆಯವರ ವಿವರಣೆಯನ್ನು 1700ರಲ್ಲಿ ಚಕ್ರವರ್ತಿಗಳೇ ದೃಢಪಡಿಸಿದರು. ಆದರೂ 1704ರಲ್ಲಿ ರೋಮಿನಿಂದ ನಿಷೇಧಾಜ್ಞೆ ಹೊರಟಿತು. 1706ರಲ್ಲಿ ಮೇಗ್ರೋ ಅವರನ್ನು ತಮ್ಮ ಮುಂದೆ ಕರೆಸಿಕೊಂಡ ಚಕ್ರವರ್ತಿ ಅವರ ಚೀನೀ ಅಕ್ಷರಜ್ಞಾನವನ್ನು ಪರೀಕ್ಷಿಸಿದರು. ಅದು ತೀರ ಕಡಿಮೆಯೆಂದು ಕಂಡುಬಂದಾಗ, ನಮ್ಮ ಗ್ರಂಥಗಳನ್ನೇ ಓದಲು ಬಾರದವರು ನಮ್ಮ ಆಚಾರಗಳ ಅರ್ಥವನ್ನು ಹೇಗೆ ನಿರ್ಣಯಿಸುತ್ತಾರೆ ಎಂದು ಸಿಟ್ಟುಗೊಂಡು ಅವರನ್ನು ದೇಶದಿಂದ ಹೊರಗೆ ಕಳುಹಿಸಿದರು. 1715ರಲ್ಲಿ ರೋಮ್ ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸಿತು. ಚಕ್ರವರ್ತಿ ಧರ್ಮಪ್ರಚಾರಕ್ಕೆ ತಡೆಯೊಡ್ಡಿದರು. ಅವರ ಮಗನ ಕಾಲದಲ್ಲಿ, 1724ರಲ್ಲಿ, ಕ್ರೈಸ್ತ ಧರ್ಮವೇ ನಿಷಿದ್ಧವಾಯಿತು. 1742ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಈ ಕುರಿತ ಚರ್ಚೆಯನ್ನೇ ನಿಲ್ಲಿಸಿ, ಧರ್ಮಪ್ರಚಾರಕರು ಪ್ರಮಾಣ ಮಾಡಬೇಕೆಂದು ವಿಧಿಸಿದರು.

ಇದರ ಭಾರವನ್ನು ಹೊತ್ತವರು ಪಂಡಿತರಲ್ಲ, ಚೀನಾದ ಕ್ರೈಸ್ತ ಕುಟುಂಬಗಳು. ತಾಯಿಯ ಹೆಸರಿನ ಹಲಗೆಗೆ ನಮಿಸಿದರೆ ಧರ್ಮಸಭೆಗೆ ದ್ರೋಹಿ. ನಮಿಸದಿದ್ದರೆ ನೆರೆಹೊರೆಯ ಕಣ್ಣಿನಲ್ಲಿ ಹೆತ್ತವರನ್ನು ಮರೆತ ಮಗ. 1939ರ ಡಿಸೆಂಬರ್ 8ರಂದು, ಹನ್ನೆರಡನೆಯ ಭಕ್ತಿನಾಥರ ಕಾಲದಲ್ಲಿ, ರೋಮ್ ಹೊಸ ಆಜ್ಞೆಯನ್ನು ಹೊರಡಿಸಿತು. ಕಾಲ ಬದಲಾಗಿದೆ, ಈ ಕ್ರಮಗಳಿಗೆ ಈಗ ನಾಗರಿಕ ಅರ್ಥ ಮಾತ್ರ ಉಳಿದಿದೆ ಎಂಬುದನ್ನು ಗುರುತಿಸಿ, ಮೃತರ ಮುಂದೆ, ಅವರ ಚಿತ್ರಗಳ ಮುಂದೆ, ಹೆಸರಿನ ಹಲಗೆಯ ಮುಂದೆ ಗೌರವದಿಂದ ತಲೆಬಾಗಬಹುದೆಂದು ಅದು ತಿಳಿಸಿತು. 1704ರಿಂದ ಲೆಕ್ಕ ಹಾಕಿದರೆ 235 ವರ್ಷಗಳು. ಅದೇ ರಿಚ್ಚಿಯವರನ್ನು ಧರ್ಮಸಭೆ 2022ರಲ್ಲಿ ಪೂಜ್ಯರೆಂದು ಸಾರಿತು.

ಅರಿಯುವುದೆಂದರೆ ಒಪ್ಪುವುದಲ್ಲ

ಈ ವಿವಾದ ನಮ್ಮ ನಾಡಿಗೂ ತಟ್ಟಿತ್ತು. ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿ ಸನ್ಯಾಸಿಯ ಉಡುಪಿನಲ್ಲಿ ಬಾಳಿದರು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಸೀಮೆಗೆ ಬಂದ ಗುರು ಚಿನ್ನಾಮಿಯವರೂ ಅದೇ ಹಾದಿ ಹಿಡಿದರು. ಜುಟ್ಟು, ಜನಿವಾರ, ಗಂಧ ಮುಂತಾದವನ್ನು ರೋಮ್ 1623ರಲ್ಲಿ ಷರತ್ತುಗಳೊಡನೆ ಅನುಮತಿಸಿತ್ತು. ಆದರೆ 1704ರಲ್ಲಿ, ಚೀನಾಕ್ಕೆ ಹೊರಟಿದ್ದ ಜಗದ್ಗುರುಗಳ ಪ್ರತಿನಿಧಿ ತುರ್ನೋನ್ ಪುದುಚೇರಿಯಲ್ಲಿದ್ದು, ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್‌ಗಳ ಹಲವು ಆಚಾರಗಳಿಗೆ ತಡೆ ಹಾಕಿದರು.

ಅವರು ತಡೆದವುಗಳಲ್ಲಿ ಒಂದನ್ನು ನಾವು ಮರೆಯಬಾರದು. ಮೇಲ್ಜಾತಿಯವರ ಮನಸ್ಸು ಮುರಿಯಬಾರದೆಂದು ಗುರುಗಳು ಅಸ್ಪೃಶ್ಯರೆನಿಸಿಕೊಂಡವರ ಮನೆಯೊಳಗೆ ಹೋಗದೆ, ಸಾಯುತ್ತಿರುವವರನ್ನು ಹೊರಗೆ ತರಿಸಿ ಸಂಸ್ಕಾರ ನೀಡುವ ವಾಡಿಕೆಯಿತ್ತು. ರೋಗಿಯ ಗುಡಿಸಲಿಗೆ ಗುರು ಹೋಗಲೇಬೇಕೆಂದು ತುರ್ನೋನ್ ವಿಧಿಸಿದರು. ಈ ಒಂದು ವಿಷಯದಲ್ಲಿ ನಾಡನ್ನು ಅರಿಯದ ಪರಕೀಯನ ಕಣ್ಣೇ ಸತ್ಯವನ್ನು ಕಂಡಿತು. ನಾಡಿನ ಸಂಸ್ಕೃತಿ ಎಂಬ ಹೆಸರಿನಲ್ಲಿ ಅನ್ಯಾಯವೂ ಮನೆಮಾಡಬಲ್ಲದು. ಆದುದರಿಂದ ಇನ್ನೊಬ್ಬರ ಆಚಾರವನ್ನು ಅರಿಯಬೇಕೆಂದರೆ ಎಲ್ಲವನ್ನೂ ಒಪ್ಪಬೇಕೆಂದಲ್ಲ. ಅರಿತ ಮೇಲೆಯೇ ಒಪ್ಪಬೇಕು, ಅರಿತ ಮೇಲೆಯೇ ನಿರಾಕರಿಸಬೇಕು.

ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಯ ಪುಸ್ತಕದ ಮೊದಲಲ್ಲೇ ಇದಕ್ಕೆ ಕ್ರಮವನ್ನು ತಿಳಿಸಿದ್ದಾರೆ. ಇನ್ನೊಬ್ಬರ ಮಾತಿಗೆ ಮೊದಲು ಒಳ್ಳೆಯ ಅರ್ಥವನ್ನು ಹುಡುಕು. ಸಿಗದಿದ್ದರೆ ಅವರು ಅದನ್ನು ಯಾವ ಅರ್ಥದಲ್ಲಿ ಆಡಿದರೆಂದು ಅವರನ್ನೇ ಕೇಳು. ಆ ಬಳಿಕವೂ ತಪ್ಪೆಂದು ಕಂಡರೆ ಪ್ರೀತಿಯಿಂದ ತಿದ್ದು ಎಂಬುದು ಅದರ ಸಾರ. ಮೂರು ಮೆಟ್ಟಿಲುಗಳಿವೆ. ನಾವು ಮೊದಲೆರಡನ್ನು ಹಾರಿ ನೇರವಾಗಿ ಮೂರನೆಯದಕ್ಕೆ ಏರಿದ್ದೆವು; ಅದನ್ನೂ ಪ್ರೀತಿಯಿಂದಲ್ಲ, ಪೀಠದ ಮೇಲಿಂದ.

ಮತ್ತೆ ಆ ಮನೆಗೆ

ಒಂದು ಸಂಜೆ ನಾವು ಆ ಹಿರಿಯ ಮಗನ ಮನೆಗೆ ನಡೆದು ಹೋದೆವು. ಮೊದಲು ಕ್ಷಮೆ ಕೇಳಿದೆವು. ಆಮೇಲೆ, ಎಡೆ ಇಟ್ಟದ್ದು ಏಕೆಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಅಪ್ಪ ಬಂದು ಉಣ್ಣುತ್ತಾರೆಂದು ಇಟ್ಟದ್ದಲ್ಲ ಸ್ವಾಮಿ. ಕಾಯಿಲೆಯ ಕೊನೆಯ ತಿಂಗಳಲ್ಲಿ ಅವರು ಮುದ್ದೆ ಕೇಳಿದರು. ಡಾಕ್ಟರು ಬೇಡವೆಂದಿದ್ದರು, ನಾನು ಕೊಡಲಿಲ್ಲ. ಅದು ನನ್ನನ್ನು ಇರಿಯುತ್ತಿತ್ತು" ಎಂದರು.

ತಂಗಿಯನ್ನೂ ಕಂಡು ಅದೇ ಪ್ರಶ್ನೆ ಕೇಳಿದೆವು: ದೀಪ ಆರಿಸಿದ್ದು ಏಕೆ? ತಂದೆಯ ಆತ್ಮಕ್ಕಾಗಿ ಅವರು ಮೂವತ್ತು ದಿನವೂ ಬಿಡದೆ ಜಪಸರ ಪ್ರಾರ್ಥನೆ ಮಾಡಿದ್ದರು. ಆ ಎಲೆಯನ್ನು ಕಂಡಾಗ, ಅಪ್ಪ ದೇವರ ಬಳಿ ಸೇರಿಲ್ಲ, ಹಸಿದು ಅಲೆಯುತ್ತಿದ್ದಾರೆ ಎಂದು ಯಾರೋ ಹೇಳಿದಂತಾಯಿತಂತೆ. ಅಣ್ಣನ ಎಲೆಯಲ್ಲಿ ಇದ್ದದ್ದು ಪಶ್ಚಾತ್ತಾಪ. ತಂಗಿಗೆ ಕಂಡದ್ದು ಅವಿಶ್ವಾಸ. ತಂಗಿಯ ಕೈಯಲ್ಲಿ ಇದ್ದದ್ದು ಭಯ; ಅಣ್ಣನಿಗೆ ಕಂಡದ್ದು ತಿರಸ್ಕಾರ. ಇಬ್ಬರೂ ಅಳುತ್ತಿದ್ದದ್ದು ಒಬ್ಬರೇ ಅಪ್ಪನಿಗಾಗಿ.

ದೀಪ, ಧೂಪ, ಆರತಿ, ಕೈಮುಗಿದು ನಮಿಸುವುದು ಇವೆಲ್ಲ ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ 1969ರಲ್ಲಿಯೇ ನಮ್ಮ ದೈವಾರಾಧನೆಗೆ ಸಂದಿವೆ ಎಂದು ತಂಗಿಗೆ ತಿಳಿಸಿದೆವು. ಎಡೆಯನ್ನು ಸತ್ತವರ ಮುಂದಿಡುವುದರಿಂದ ಮನೆಯ ಮಕ್ಕಳಿಗೆ ತಪ್ಪು ಅರ್ಥ ಹೋಗಬಹುದೆಂದು ಅಣ್ಣನಿಗೆ ತಿಳಿಸಿದೆವು. ಮೊದಲ ವರ್ಷದ ಪೂಜೆಯ ದಿನ ಪಟದ ಮುಂದೆ ದೀಪ ಉರಿಯಿತು. ಮುದ್ದೆ ಸಾರು ಊರಿನ ಒಂಟಿ ಮುದುಕರ ಎಲೆಗಳಿಗೆ ಬಡಿಸಲ್ಪಟ್ಟಿತು. ತಂಗಿ ಬಂದಿದ್ದರು. ದೀಪ ಹಚ್ಚುವಾಗ ಹೊಸ್ತಿಲ ಹೊರಗೇ ನಿಂತಿದ್ದು, ಜಪಸರ ಆರಂಭವಾದಾಗ ಒಳಗೆ ಬಂದರು. ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಆದರೆ ಊಟಕ್ಕೆ ಕುಳಿತಾಗ, "ಸಾರು ಹಾಕಿಸಿಕೋ" ಎಂದು ಅಣ್ಣ ತಂಗಿಗೆ ಹೇಳಿದ್ದನ್ನು ಕೇಳಿದೆವು. ಹನ್ನೊಂದು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು.

ಇಂದು ನಮ್ಮ ಮನೆಗಳಲ್ಲಿ ಸೊಸೆ ಬೇರೆ ಸೀಮೆಯವಳು, ಅಳಿಯ ಬೇರೆ ಭಾಷೆಯವನು, ನೆರೆಮನೆಯವರು ಬೇರೆ ಧರ್ಮದವರು. ಕಣ್ಣಿಗೆ ವಿಚಿತ್ರವಾಗಿ ಕಾಣುವ ಆಚಾರ ದಿನಕ್ಕೊಂದು ಎದುರಾಗುತ್ತದೆ. ತೀರ್ಪು ಕೊಡುವ ಮೊದಲು ಒಂದು ಪ್ರಶ್ನೆಯನ್ನು ಕೇಳೋಣ: "ಇದನ್ನು ಮಾಡುವಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ?" ಈ ಒಂದು ಪ್ರಶ್ನೆಯನ್ನು ಸಕಾಲದಲ್ಲಿ, ಸರಿಯಾದ ಮನೆಯಲ್ಲಿ, ಸಹನೆಯಿಂದ ಕೇಳಿದ್ದರೆ, ಪೀಕಿಂಗಿಗೂ ರೋಮಿಗೂ ನಡುವೆ ಇನ್ನೂರು ವರ್ಷಗಳ ಗೋಡೆ ಏಳುತ್ತಿರಲಿಲ್ಲವೇನೋ. ನಮ್ಮ ಆ ಹಳ್ಳಿಯ ಮನೆಯಲ್ಲಂತೂ ಹನ್ನೊಂದು ತಿಂಗಳ ಮೌನ ಇರುತ್ತಿರಲಿಲ್ಲ.