ಟೈರು ದೊಡ್ಡದಾಯಿತು, ಘಾಟಿ ಹತ್ತಲಿಲ್ಲ

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಾಯಿ ಮುಟ್ಟುವ ಹೊತ್ತಿಗೆ ಸಮುದ್ರ ಮಟ್ಟದಿಂದ 11,000 ಅಡಿ ಮೇಲಿರುತ್ತದೆ. ಕಳೆದ ಬೇಸಿಗೆಯ ಒಂದು ಶನಿವಾರ ಆ ಏರಿನಲ್ಲಿ ನಮ್ಮ ಪಿಕಪ್ ಟ್ರಕ್ಕಿನ ವೇಗ ಗಂಟೆಗೆ 35 ಮೈಲಿಗೆ ಇಳಿಯಿತು. ಹಿಂದೆ ಬಾಡಿಗೆಯ ಟ್ರೇಲರ್. ಅದರಲ್ಲಿ ಡಿಲನ್ ಸರೋವರದ ದಂಡೆಯಲ್ಲಿ ಸೇರಲಿದ್ದ ಏಳೆಂಟು ಕನ್ನಡ ಕುಟುಂಬಗಳ ಅಡುಗೆಗೆ ಬೇಕಾದ ಪಾತ್ರೆ, ಒಲೆ, ಕುರ್ಚಿ. ಹಿಂದಿನ ಸೀಟಿನಲ್ಲಿ ಸಕಲೇಶಪುರದಿಂದ ಬಂದಿದ್ದ ಅತ್ತೆ, ಮಾವ. ಕನ್ನಡಿಯಲ್ಲಿ ಹದಿನೆಂಟು ಚಕ್ರದ ಲಾರಿಯೊಂದರ ಮುಖ ದೊಡ್ಡದಾಗುತ್ತಲೇ ಇತ್ತು. ಎಚ್ಚರಿಕೆ ದೀಪ ಹಾಕಿಕೊಂಡು ಬಲಗಡೆಯ ಸಾಲಿನಲ್ಲಿ ತೆವಳಿದೆವು. ಆಕ್ಸಿಲರೇಟರ್ ನೆಲ ಮುಟ್ಟಿತ್ತು, ಗೇರ್‌ಬಾಕ್ಸ್ ಎರಡಕ್ಕೂ ಮೂರಕ್ಕೂ ನಡುವೆ ತಡಕಾಡುತ್ತಿತ್ತು, ಅದರ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಮೇಲಕ್ಕೇರುತ್ತಿತ್ತು. ಅತ್ತೆ ಮಂಜುನಾಥನನ್ನು ನೆನೆಯತೊಡಗಿದರು.

ಮಾವ ಶಿರಾಡಿ ಘಾಟಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಸುರಂಗ ದಾಟಿದ ಮೇಲೆ ಒಂದೇ ಮಾತು ಹೇಳಿದರು: 'ಅಳಿಯಂದ್ರೇ, ಎಂಜಿನ್ ಚೆನ್ನಾಗೇ ಐತೆ. ನಿಮ್ಮ ಗಾಲಿಗೆ ಈ ಕ್ರೌನು ಸಾಲ್ದು.'

ಆಗ ನಾವು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಕೊಳ್ಳುವ ಮೊದಲೇ ಹಳೆಯ ಮಾಲೀಕ ಗಾಡಿಯನ್ನು ಆರು ಇಂಚು ಎತ್ತರಿಸಿ 35 ಇಂಚಿನ ಟೈರು ಹಾಕಿಸಿದ್ದ. ನೋಡಲು ಭರ್ಜರಿ. ಆ ಫೋಟೊ ಊರಿಗೆ ಕಳಿಸಿ ಹೆಮ್ಮೆಪಟ್ಟವರು ನಾವೇ. ಶಕ್ತಿ ಸಾಲದು ಅನ್ನಿಸಿದಾಗ ಮೊದಲು ಕೈ ಹಾಕಿದ್ದು ಸುಲಭದ ದಾರಿಗಳಿಗೆ. ಹೆಚ್ಚು ಗಾಳಿ ಎಳೆಯುತ್ತದೆಂಬ ಏರ್ ಫಿಲ್ಟರಿಗೆ 300 ಡಾಲರ್ ಕೊಟ್ಟೆವು; ಸದ್ದು ಹೆಚ್ಚಾಯಿತು, ಅಷ್ಟೆ. ಕೊಲರಾಡೊದಲ್ಲಿ ಸಾಧಾರಣ ಪೆಟ್ರೋಲ್ 85 ಆಕ್ಟೇನಿನದು, ಅದನ್ನು ಬಿಟ್ಟು 91ರದ್ದು ತುಂಬಿಸಿದೆವು. ಆಕ್ಟೇನ್ ಅಂದರೆ ಎಂಜಿನ್ ಒಳಗೆ ಇಂಧನ ಅಕಾಲದಲ್ಲಿ ಸಿಡಿಯದಂತೆ ತಡೆಯುವ ಗುಣ, ಅದೇ ಶಕ್ತಿಯಲ್ಲ. ಹೊಗೆ ಶುದ್ಧಿ ಮಾಡುವ ಕನ್ವರ್ಟರನ್ನೇ ಕಿತ್ತುಹಾಕಿ ಎಂದು ಪರಿಚಿತನೊಬ್ಬ ಸಲಹೆ ಕೊಟ್ಟ. ಅದು ಇಲ್ಲಿನ ಫೆಡರಲ್ ಕಾನೂನಿಗೆ ವಿರುದ್ಧ, ಡೆನ್ವರ್ ಸುತ್ತಮುತ್ತ ಹೊಗೆ ತಪಾಸಣೆಯೂ ಉಂಟು. ವೀಸಾ ಮೇಲಿರುವ ಹುಡುಗರಂತೂ ಇಂಥ ಮಾತು ಕೇಳಲೇಬಾರದು.

ಕಣ್ಣು ತೆರೆಸಿದ್ದು ಪೊಲೀಸರು ಕೊಟ್ಟ ದಂಡದ ಚೀಟಿ. ನಮ್ಮ ಮೀಟರು 68 ತೋರಿಸುತ್ತಿತ್ತು, ಅವರ ರಾಡಾರ್ 75 ಅಂದಿತು. ಮನೆಗೆ ಬಂದು ಕಾಗದ ತೆಗೆದುಕೊಂಡು ಕೂತೆವು. ಕಾರ್ಖಾನೆಯಿಂದ ಬಂದಾಗ ಗಾಡಿಗಿದ್ದ ಟೈರಿನ ಎತ್ತರ 31.6 ಇಂಚು. 35 ಅಂದರೆ ಸುಮಾರು ಶೇ 11ರಷ್ಟು ದೊಡ್ಡದು. ಒಂದು ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ತಿಳಿಯುವುದಿಲ್ಲ. ನಮ್ಮ ಕಸುಬು ಲೆಕ್ಕಪರಿಶೋಧನೆ. ಕಂಡವರ ಪುಸ್ತಕದಲ್ಲಿ ತಪ್ಪು ಹುಡುಕುವ ನಮ್ಮ ಮನೆಯ ಗಾಡಿಯೇ ಎಂಟು ತಿಂಗಳು ಸುಳ್ಳು ಲೆಕ್ಕ ಬರೆಯುತ್ತಿತ್ತು! ಒಂದು ಗ್ಯಾಲನ್‌ಗೆ 12.6 ಮೈಲಿ ಎಂದು ಗೋಳಾಡಿದ್ದೆವು, ನಿಜದಲ್ಲಿ ಅದು 14, ಅಂದರೆ ಲೀಟರಿಗೆ ಸುಮಾರು ಆರು ಕಿಲೋಮೀಟರ್. ಎಂಜಿನ್ ಆಯಿಲ್ ಬದಲಿಸುವುದೂ ಅಷ್ಟೇ ತಡವಾಗುತ್ತಿತ್ತು.

ಮಾವ ಹೇಳಿದ 'ಕ್ರೌನು' ಅಂದರೆ ಡಿಫರೆನ್ಶಿಯಲ್ ಒಳಗಿನ ಕ್ರೌನ್-ಪಿನಿಯನ್. ನಮ್ಮದರ ಅನುಪಾತ 3.42, ಪ್ರೊಪೆಲರ್ ಶಾಫ್ಟ್ 3.42 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ದೊಡ್ಡ ಟೈರು ಹಾಕಿದ್ದರಿಂದ ಅದು 3.09 ಇದ್ದಂತಾಗಿತ್ತು. ಸೈಕಲ್ಲಿನ ಹಿಂದಿನ ಚಕ್ರಕ್ಕೆ ಚಿಕ್ಕ ಹಲ್ಲಿನ ಚಕ್ರ ಹಾಕಿಕೊಂಡು ದಿಬ್ಬ ತುಳಿದ ಹಾಗೆ. ಮೇಲಿಂದ ಈ ಟೈರುಗಳ ಭಾರ ಬೇರೆ. ಎತ್ತರ ಇನ್ನೊಂದು ಕಾಟ: ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಸುರಂಗದ ಬಳಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಗಿರುತ್ತದೆ. ಇದಕ್ಕೆ ಯಾವ ಮೆಕ್ಯಾನಿಕ್ ಬಳಿಯೂ ಅಗ್ಗದ ಮದ್ದಿಲ್ಲ.

ಮೊದಲಿನ ಬಲ ಮರಳಲು 3.79 ಬೇಕು. ಅಂಗಡಿಯಲ್ಲಿ ಸಿಗುವುದು 4.10, ಇಲ್ಲವೇ 4.56. ಟ್ರೇಲರ್ ಎಳೆಯುವುದು ಅಪರೂಪವಾದ್ದರಿಂದ 4.10 ಸಾಕೆಂದು ತೀರ್ಮಾನಿಸಿದೆವು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಮುಂದೆ, ಹಿಂದೆ ಎರಡೂ ಕಡೆ ಒಂದೇ ಅನುಪಾತ ಇರಬೇಕು, ಹಾಗಾಗಿ ಖರ್ಚೂ ಎರಡರಷ್ಟು. ಒಟ್ಟು 2,600 ಡಾಲರ್, ಎರಡು ಲಕ್ಷ ರೂಪಾಯಿಗೂ ಮೇಲೆ. ಆ ದುಡ್ಡು ಸಕಲೇಶಪುರದ ಮನೆಯ ಹೆಂಚು ಬದಲಿಸಲು ಎತ್ತಿಟ್ಟಿದ್ದು. ಮನೆಯಲ್ಲಿ ಎರಡು ದಿನ ಮಾತು ನಡೆಯಿತು. 'ಚಿಕ್ಕ ಟೈರು ಹಾಕಿಸಿದ್ರೆ ಸಾವಿರದೊಳಗೆ ಮುಗಿಯಲ್ವಾ?' ಎಂಬ ಪ್ರಶ್ನೆಗೆ ನಮ್ಮಲ್ಲಿ ನೇರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಚಳಿಗಾಲದಲ್ಲಿ ಹಿಮದ ಮಣ್ಣುದಾರಿಯಲ್ಲಿ ಓಡಾಡುತ್ತೇವೆ ಎಂಬುದು ಅರ್ಧ ಕಾರಣ. ಉಳಿದರ್ಧ ಶೋಕಿ ಎಂದು ಒಪ್ಪಿಕೊಳ್ಳಬೇಕು. ಹೆಂಚಿನ ಕೆಲಸ ಒಂದು ಮಳೆಗಾಲ ಮುಂದಕ್ಕೆ ಹೋಯಿತು. ಮಾವ ಏನೂ ಅನ್ನಲಿಲ್ಲ, ಅದೇ ನಮಗೆ ಹೆಚ್ಚು ಚುಚ್ಚಿದ್ದು.

ಹೊಸ ಗೇರಿನಿಂದ ಎಂಜಿನ್ನಿಗೆ ಒಂದು ಕುದುರೆಬಲವೂ ಸೇರಲಿಲ್ಲ. ಚಕ್ರಕ್ಕೆ ತಲುಪುವ ತಿರುಚುಬಲ ಮಾತ್ರ ಪ್ರತಿ ಗೇರಿನಲ್ಲೂ ಶೇ 20ರಷ್ಟು ಹೆಚ್ಚಿತು. ಜತೆಗೆ ಗಾಡಿಯ ಕಂಪ್ಯೂಟರಿಗೆ ಟೈರಿನ ನಿಜವಾದ ಅಳತೆ, ಹೊಸ ಅನುಪಾತ ಎರಡನ್ನೂ ತಿಳಿಸಿದ್ದರಿಂದ ಮೀಟರು ಸರಿಯಾಯಿತು, ಗೇರು ಬದಲಾಗುವ ಹೊತ್ತೂ ಸರಿಹೋಯಿತು. ಮೊದಲ 500 ಮೈಲಿ ಭಾರ ಎಳೆಯದೆ ಮೆತ್ತಗೆ ಓಡಿಸಿ, ಡಿಫರೆನ್ಶಿಯಲ್ ಎಣ್ಣೆ ಬದಲಿಸಿದೆವು.

ನಿಮ್ಮ ಮಗನೋ ಅಳಿಯನೋ ಇಂಥ ಎತ್ತರದ ಗಾಡಿಯ ಫೋಟೊ ಕಳಿಸಿದರೆ ಬೈಯಬೇಡಿ. ಕ್ರೌನ್-ಪಿನಿಯನ್ ಬದಲಿಸಿದ್ದಾರಾ, ಮೀಟರು ಸರಿಮಾಡಿಸಿದ್ದಾರಾ ಎಂದು ಕೇಳಿ. ಸ್ಟೆಪ್ನಿ ಯಾವ ಅಳತೆಯದು ಎಂದೂ ಕೇಳಿ. ನಮ್ಮ ಗಾಡಿಯ ಹೊಟ್ಟೆಯಡಿ ಹಳೆಯ ಚಿಕ್ಕ ಟೈರೇ ನೇತಾಡುತ್ತಿತ್ತು. ಭಾರದ ಟೈರಿಗೆ ಬ್ರೇಕ್ ಹಿಡಿಯುವ ದೂರ ಹೆಚ್ಚು. ಗಾಡಿ ಎತ್ತರಿಸಿದ ಮೇಲೆ ಹೆಡ್‌ಲೈಟ್ ತಗ್ಗಿಸದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿರಬೇಕು, ಇಲ್ಲದಿದ್ದರೆ ಅಪಘಾತದ ದಿನ ತಕರಾರು ಶುರುವಾಗುತ್ತದೆ.

ಸೆಪ್ಟೆಂಬರಿನಲ್ಲಿ ಅದೇ ಟ್ರೇಲರ್ ಕಟ್ಟಿಕೊಂಡು ಅದೇ ಏರು ಹತ್ತಿದೆವು. ಗಂಟೆಗೆ 50 ಮೈಲಿ, ಗೇರ್‌ಬಾಕ್ಸ್ ತಡಕಾಡಲಿಲ್ಲ. ಆ ಹೊತ್ತಿಗೆ ಅತ್ತೆ, ಮಾವ ಊರಿಗೆ ಮರಳಿದ್ದರು. ವಿಡಿಯೊ ಕರೆಯಲ್ಲಿ ಹೇಳಿದಾಗ ಮಾವ ಕೇಳಿದ್ದು, 'ಇಳಿಯೋವಾಗ ಎಷ್ಟನೇ ಗೇರಲ್ಲಿ ಇಳಿದ್ರಿ?' ಎರಡನೆಯದರಲ್ಲಿ ಎಂದೆವು. 'ಹಾಂ' ಅಂದು ಫೋನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಗಾಡಿ ಹತ್ತಲು ಬಳಸುತ್ತಿದ್ದ ಮರದ ಮಣೆ ಇನ್ನೂ ಟ್ರಕ್ಕಿನ ಹಿಂಬದಿಯಲ್ಲೇ ಇದೆ.